ಮೆತ್ತಣ್ಣನಿಗೆಲ್ಲಾ ಗೊತ್ತು

ಕುಳಿತಲ್ಲೇ ತೂಕಡಿಸುವವರು ಎಲ್ಲಿ ಹುಡುಕಿದರೂ ಸಿಗುತ್ತಾರೆ. ಆದರೆ ಎದುರಿಗಿದ್ದವರಿಗೆ ಸುಳಿವೂ ಸಿಗದಂತೆ ಮಾತಿನ ನಡುವೆ ನಿದ್ದೆಗೆ ಜಾರಿ, ನಿದ್ದೆಯಲ್ಲೇ ಮಾತು ಮುಂದುವರಿಸಿ, ವ್ಯವಹಾರವನ್ನೂ ಮುಗಿಸಿ, ಆಮೇಲೆ ಕಣ್ಣುಜ್ಜಿಕೊಂಡು ‘ಏನಂದ್ರಿ?’ ಎಂದು ಕೇಳುವ ವಿದ್ಯೆ ಹಾಸಿಗೆ ಅಂಗಡಿಯ ಮೆತ್ತಣ್ಣನಿಗೆ ಮಾತ್ರ ಒಲಿದಿತ್ತು.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಮನೆಬಾಗಿಲ ಫಲಕದ ಮೇಲೆ ಧೂಳು ತಿನ್ನುತ್ತಾ ಕುಳಿತಿತ್ತು. ವರ್ಷಗಟ್ಟಲೆ ಹತ್ತಿ, ದಿಂಬುಗಳ ನಡುವೆ ಬಾಳಿ ಅವನ ಮೈ ಮೆತ್ತಗಾಗಿತ್ತು, ಮಾತು ಮೆತ್ತಗಾಗಿತ್ತು, ಮೆಟ್ಟಿಲಿಳಿದರೆ ಸಪ್ಪಳವೇ ಆಗುತ್ತಿರಲಿಲ್ಲ. ಗಿರಾಕಿ ಬಂದರೆ ‘ಮಲಗಿ ನೋಡಿ’ ಎನ್ನುತ್ತಿದ್ದ. ಹೇಗೆ ಮಲಗಬೇಕೆಂದು ತೋರಿಸಲು ಪಕ್ಕದ ಹಾಸಿಗೆಯ ಮೇಲೆ ತಾನೂ ಒರಗುತ್ತಿದ್ದ. ಎಷ್ಟೋ ಗಿರಾಕಿಗಳು ದುಡ್ಡನ್ನು ಅವನ ದಿಂಬಿನಡಿಗೆ ಇಟ್ಟು, ಬಾಗಿಲು ಮುಂದಕ್ಕೆಳೆದು, ಹಾಸಿಗೆ ಹೊತ್ತುಕೊಂಡು ತಾವಾಗಿಯೇ ಹೋದದ್ದುಂಟು.

ಇಂಥ ಶಾಂತಜೀವಿ ತಾನು ವಾಸವಿದ್ದ ಫ್ಲ್ಯಾಟುಗಳ ಇಡೀ ಕಟ್ಟಡವನ್ನು ನಡುಗಿಸಿದ್ದು ಹೇಗೆಂದರೆ, ಎಲ್ಲವೂ ಶುರುವಾದದ್ದು ನಿವಾಸಿಗಳ ಸಂಘದ ಸಭೆಯಲ್ಲಿ. ಲಿಫ್ಟಿನ ಚರ್ಚೆ ಮುಗಿದು ಮಾತು ಇಂಟರ್ನೆಟ್ಟಿನ ಕಡೆ ಹೊರಳಿತ್ತು. ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಕಾಲ ಮೇಲೆ ಕಾಲು ಹಾಕಿಕೊಂಡು, “ನಮ್ಮನೇಲಿ ಒಂದು ಸೀನು ಸೀನೋಷ್ಟರಲ್ಲಿ ಇಡೀ ಸಿನಿಮಾ ಇಳಿದುಬಿಡುತ್ತೆ” ಎಂದರು.

“ಸೀನೋವರೆಗೂ ಕಾಯ್ಬೇಕಾ?” ಎಂದರು ಸಂಘದ ಕಾರ್ಯದರ್ಶಿ. “ನಮ್ಮನೇಲಿ ಮೂಗು ಕೆರೆಯೋಷ್ಟರಲ್ಲಿ ಬರುತ್ತೆ. ಮೆತ್ತಣ್ಣ, ನಿಮ್ಮನೇಲಿ ಹೇಗೆ?”

ಮೆತ್ತಣ್ಣ ಎರಡು ಕನಸುಗಳ ನಡುವಿನ ಓಣಿಯಲ್ಲಿದ್ದ. ತನ್ನ ನಿದ್ದೆಯ ಬಗ್ಗೆಯೇ ಕೇಳುತ್ತಿದ್ದಾರೆ ಎಂದುಕೊಂಡು, “ಅಯ್ಯೋ, ನಮ್ಮನೇಲಾ? ಕರೆಯೋದೇ ಬೇಡ. ಕಣ್ಣು ಮುಚ್ಚೋ ಮೊದಲೇ ಬಂದುಬಿಟ್ಟಿರುತ್ತೆ” ಎಂದ.

ಡಾಕ್ಟರ ಕಾಲು ಕೆಳಗಿಳಿಯಿತು.

ನಿಜಕ್ಕೂ ಮೆತ್ತಣ್ಣನ ಮನೆಯಲ್ಲಿ ಇದ್ದದ್ದು ಒಂದು ಕಂಪ್ಯೂಟರು ಮತ್ತು ಅದಕ್ಕೆ ಹೆಂಡತಿ ಹೊದಿಸಿದ್ದ ಹೂವಿನ ಬಟ್ಟೆ, ಅಷ್ಟೆ. ಇಂಟರ್ನೆಟ್ ಬೇಕೆಂದರೆ ಅವಳ ಮೊಬೈಲಿನಿಂದ ಚೂರುಪಾರು ಎರವಲು ಪಡೆಯಬೇಕು. “ಇಲ್ಲದ್ದನ್ನ ಇದೆ ಅಂತ ಯಾಕ್ರೀ ಕೊಚ್ಕೊಂಡ್ರಿ? ನಾಳೆ ಯಾರಾದ್ರೂ ನೋಡೋಕೆ ಬಂದ್ರೆ?” ಎಂದು ಅವಳು ಹಣೆ ಚಚ್ಚಿಕೊಂಡಳು. ಬೇರೆ ದಾರಿ ಉಳಿಯಲಿಲ್ಲ. ಆ ವಾರವೇ ನೆಟ್‌ವರ್ಕಿನವನು ಏಣಿ, ಡ್ರಿಲ್ಲು, ಸುರುಳಿ ಸುತ್ತಿದ ಕೇಬಲ್ಲು ಹೊತ್ತು ಮಧ್ಯಾಹ್ನದ ಊಟವಾದ ಮೇಲೆ ಬಂದ. ಅಂದರೆ ಬರಬಾರದ ಹೊತ್ತಿನಲ್ಲೇ ಬಂದ.

ಕೇಬಲ್ಲಿನ ತುದಿ ಸುಲಿದು ಅವನು ತೋರಿಸಿದ್ದು ಕೂದಲಿಗಿಂತ ತೆಳ್ಳಗಿನ ಒಂದು ಗಾಜಿನ ಎಳೆ.

“ಇದ್ರಲ್ಲಿ ಕರೆಂಟು ಹರಿಯುತ್ತಾ?” ಮೆತ್ತಣ್ಣ ಕೇಳಿದ.

“ಕರೆಂಟಲ್ಲ ಸಾರ್, ಬೆಳಕು. ಬರೋ ಚಿತ್ರ, ಮಾತು, ಎಲ್ಲಾ ಬೆಳಕಾಗಿ ಬರುತ್ತೆ.”

ಮೆತ್ತಣ್ಣ ಸೋಫಾದ ಮೇಲೆ ಒರಗಿ ಅದನ್ನೇ ಯೋಚಿಸತೊಡಗಿದ. ಸಮುದ್ರದ ತಳದಲ್ಲಿ, ಮೀನುಗಳ ಹೊಟ್ಟೆಯ ಕೆಳಗೆ, ಯಾರದೋ ನಗು ಬೆಳಕಾಗಿ ಓಡಿಬರುತ್ತಿದೆ. ರಸ್ತೆ ದಾಟಿ, ಗೋಡೆ ಹತ್ತಿ, ಕಿಟಕಿಯ ತೂತಿನಲ್ಲಿ ನುಸುಳಿ, ಅವನ ಮನೆಯೊಳಗೆ ಬಂದು ಚಪ್ಪಲಿ ಬಿಟ್ಟು ನಿಲ್ಲುತ್ತದೆ. ಬಾ ಒಳಗೆ ಎನ್ನಬೇಕಲ್ಲ? ಅವನ ರೆಪ್ಪೆ ಭಾರವಾಯಿತು.

“ಕಂಪ್ಯೂಟರಿಗೆ ತಂತೀಲಿ ಕೊಡ್ಲಾ ಸಾರ್, ಗಾಳೀಲಿ ಕೊಡ್ಲಾ?”

“ತಂತೀಲೇ ಕೊಡಪ್ಪ. ಗಾಳೀಲಿ ಬರೋದನ್ನ ಹೇಗೆ ನಂಬೋದು?”

“ತಂತಿನೇ ಗಟ್ಟಿ ಬಿಡಿ. ಆದ್ರೆ ಈ ರೂಟರು ಹೊಚ್ಚ ಹೊಸಾದು. ಗೋಡೆ ಗೀಡೆ ಏನೂ ಲೆಕ್ಕಕ್ಕಿಲ್ಲ. ಇಡೀ ಕಟ್ಟಡಕ್ಕೆಲ್ಲಾ ನಿಮ್ಮ ಸಿಗ್ನಲ್ಲೇ.” ಅವನು ರೂಟರಿನ ಕಿವಿಗಳಂಥ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿದ. “ವೈಫೈಗೆ ಏನು ಹೆಸರಿಡ್ಲಿ? ನಮ್ಮ ಅಕ್ಷರದಲ್ಲೇ ಇಡಬಹುದು.”

ಅದೇ ಗಳಿಗೆಗೆ ಹೆಂಡತಿ ಚೀಲ ಹಿಡಿದು ಹೊರಟವಳು ಬಾಗಿಲಿಂದಲೇ, “ರೀ, ಒಲೆ ಮೇಲೆ ಹಾಲಿದೆ, ಉಕ್ಕಿಸ್ಬೇಡಿ. ಮೋಡ ಆಗಿದೆ, ಬಟ್ಟೆ ಒಳಗೆ ತನ್ನಿ. ನನ್ನ ಮೊಬೈಲು ಇಲ್ಲೇ ಇಟ್ಟಿದೀನಿ, ಅದಕ್ಕೂ ಹಾಕಿಸಿ. ಕೇಳಿಸ್ತಾ?” ಎಂದಳು.

“ನನಗೆಲ್ಲಾ ಗೊತ್ತು” ಎಂದ ಮೆತ್ತಣ್ಣ, ಕಣ್ಣು ಮುಚ್ಚಿಯೇ.

“ಇದನ್ನೇ ಇಡ್ಲಾ ಸಾರ್?”

“ಹೂಂ.”

“ಪಾಸ್‌ವರ್ಡು?”

“ಹೂಂ.”

“ತೀರಾ ಚಿಕ್ಕದಾಯ್ತು ಸಾರ್.”

“ಹೂಂ ಹೂಂ.”

“ಇನ್ನೊಂಚೂರು...”

“ಹೂಂ ಹೂಂ ಹೂಂ...”

ನೆಟ್‌ವರ್ಕಿನವನು ಹೇಳಿದ್ದನ್ನು ಹೇಳಿದ ಹಾಗೆ ಒತ್ತಿ, ಒಲೆಯ ಮೇಲೆ ಉಕ್ಕುತ್ತಿದ್ದ ಹಾಲನ್ನು ಪಾಪ ತಾನೇ ಇಳಿಸಿ, ಹೋದ.

ಅಂದು ಸಂಜೆ ಕಟ್ಟಡದಲ್ಲಿ ಯಾರು ಮೊಬೈಲ್ ತೆಗೆದರೂ, ಯಾರು ಲ್ಯಾಪ್‌ಟಾಪ್ ಬಿಡಿಸಿದರೂ, ಪರಿಚಿತ ವೈಫೈ ಹೆಸರುಗಳೆಲ್ಲದರ ಮೇಲೆ ಒಂದು ಹೊಸ ಹೆಸರು ಬಂದು ಕುಳಿತಿತ್ತು: ನನಗೆಲ್ಲಾ ಗೊತ್ತು.

ಹಲ್ಲಿನ ಡಾಕ್ಟರು ಅದನ್ನು ಓದಿ ಕಿಟಕಿಯ ಪರದೆ ಎಳೆದರು. ಕಾರ್ಯದರ್ಶಿ ಓದಿ, ಮಾಳಿಗೆಗೆ ಹೋಗುವ ಬಾಗಿಲಿಗೆ ಬೀಗ ಹಾಕಿದೆಯೇ ಎಂದು ಎರಡು ಸಲ ನೋಡಿ ಬಂದರು. ಸಂಗೀತದ ಟೀಚರು ಕನ್ನಡಕ ಒರೆಸಿ ಮತ್ತೆ ಓದಿದರು. ಇಂಥ ಹೆಸರನ್ನು ಸುಮ್ಮನೆ ಯಾರೂ ಇಡುವುದಿಲ್ಲ. ತನ್ನ ಕುರಿತೇ ಇಟ್ಟಿದ್ದಾರೆ ಎಂದು ಪ್ರತಿ ಮನೆಯಲ್ಲೂ ಪ್ರತಿಯೊಬ್ಬರಿಗೂ ಖಾತ್ರಿಯಾಯಿತು.

ಮರುದಿನ ಡಾಕ್ಟರ ಮನೆಯ ವೈಫೈ ‘ಮುತ್ತಿನ ಹಲ್ಲು’ ಇದ್ದದ್ದು ‘ಏನು ಗೊತ್ತು?’ ಎಂದಾಯಿತು. ಸಂಜೆಗೆ ಕಾರ್ಯದರ್ಶಿಗಳದು ‘ಸಾಕ್ಷಿ ಎಲ್ಲಿದೆ’ ಎಂದು ಬದಲಾಯಿತು. ನೆಲಮಹಡಿಯ ನಿವೃತ್ತ ಇನ್‌ಸ್ಪೆಕ್ಟರು ‘ಧೈರ್ಯವಿದ್ದರೆ ಎದುರಿಗೆ ಬಾ’ ಎಂದಿಟ್ಟರು. ಯಾರೋ ಪುಕ್ಕಲರು ‘ಅದು ನಾನಲ್ಲ’ ಎಂದಿಟ್ಟುಕೊಂಡರು. ಎದುರಾದರೆ ನಮಸ್ಕಾರಕ್ಕೂ ಜಿಪುಣತನ ಮಾಡುತ್ತಿದ್ದ ಜನ ಗೋಡೆಗಳ ಮೂಲಕ, ಗಾಳಿಯಲ್ಲಿ, ಬಾಯಿ ತೆರೆಯದೆ ಜಗಳವಾಡುತ್ತಿದ್ದರು. ಅದು ಮೆತ್ತಣ್ಣನೊಬ್ಬನಿಗೇ ಕಾಣಲಿಲ್ಲ. ಅವನ ಜೇಬಿನಲ್ಲಿದ್ದದ್ದು ಗುಂಡಿ ಒತ್ತುವ ಹಳೇ ಫೋನು. ಅವನ ಕಂಪ್ಯೂಟರಿಗೆ ಬರುತ್ತಿದ್ದದ್ದು ತಂತಿಯಲ್ಲಿ. ಗಾಳಿಯಲ್ಲಿ ಯಾರು ಏನು ಬೈದರೂ ಅವನಿಗೆ ತಲುಪುವ ಮಾರ್ಗವೇ ಇರಲಿಲ್ಲ.

ಹೆಂಡತಿಯ ಮೊಬೈಲಿನಲ್ಲಿ ಮಾತ್ರ ಕಾಣುತ್ತಿತ್ತು. ಅವಳು ಅದನ್ನು ನೋಡಿದ ದಿನದಿಂದ ಮೌನವಾದಳು. ಮೆತ್ತಣ್ಣ ‘ಉಪ್ಪು ಕಡಿಮೆ’ ಎಂದರೂ ಬೆಚ್ಚಿಬೀಳುತ್ತಿದ್ದಳು.

ಇನ್‌ಸ್ಪೆಕ್ಟರು ತನಿಖೆ ಕೈಗೆತ್ತಿಕೊಂಡರು. ಮೊಬೈಲನ್ನು ಅಂಗೈಯಲ್ಲಿ ದೀಪದ ಹಾಗೆ ಹಿಡಿದು ಮೆಟ್ಟಿಲು ಹತ್ತಿದರು. ಒಂದು ಗೆರೆ ಇದ್ದ ಸಿಗ್ನಲ್ಲು ಎರಡಾಯಿತು, ಮೂರಾಯಿತು. ಮೆತ್ತಣ್ಣನ ಬಾಗಿಲೆದುರು ತುಂಬಿ ತುಳುಕಿತು. ಒಳಗಿನಿಂದ ಗೊರಕೆ ಕೇಳಿಸುತ್ತಿತ್ತು.

“ನಾಟಕ!” ಎಂದು ಅವರು ಕೆಳಗಿಳಿದು ಬಂದು ಡಾಕ್ಟರ ಕಿವಿಯಲ್ಲಿ ಉಸುರಿದರು. “ನಿದ್ದೆ ಅನ್ನೋದೆಲ್ಲಾ ಬರೀ ನಾಟಕ ಕಣ್ರೀ. ನನ್ನ ಸರ್ವೀಸಲ್ಲಿ ಇಂಥವ್ರನ್ನ ಬೇಕಾದಷ್ಟು ನೋಡಿದೀನಿ. ಕಣ್ಣು ಮುಚ್ಕೊಂಡು ಎಲ್ಲಾ ಕೇಳಿಸ್ಕೊತಿರ್ತಾರೆ.”

“ಅದೂ ಅಲ್ದೆ ಆ ಹೊಸಾ ರೂಟರಿನ ಸಿಗ್ನಲ್ಲು ಗೋಡೆ ದಾಟಿ ಹೋಗುತ್ತಂತಲ್ಲ ಸಾರ್. ಹೋಗೋದಾದ್ರೆ ಬರೋವಾಗ ಖಾಲಿ ಕೈಲಿ ಬರುತ್ತಾ?” ಎಂದರು ಡಾಕ್ಟರು, ಬಾಯಿಗೆ ಕೈ ಅಡ್ಡ ಹಿಡಿದು.

ಈ ತರ್ಕ ಕಟ್ಟಡದ ಮೇಲೂ ಕೆಳಗೂ ಓಡಾಡಿತು. ಆಮೇಲೆ ಒಬ್ಬೊಬ್ಬರಾಗಿ ಹಾಸಿಗೆ ಅಂಗಡಿಗೆ ಬರತೊಡಗಿದರು.

ಮೊದಲು ಬಂದವರು ಕಾರ್ಯದರ್ಶಿ. ಮೆತ್ತಣ್ಣ ಎಂದಿನಂತೆ ‘ಮಲಗಿ ನೋಡಿ’ ಎಂದು ತಾನೂ ಪಕ್ಕದಲ್ಲಿ ಒರಗಿದ. ಮಧ್ಯಾಹ್ನದ ಬಿಸಿಲು ಗಾಜಿನ ಬಾಗಿಲಲ್ಲಿ ಹಳದಿಯಾಗಿ ನಿಂತಿತ್ತು. ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲುತ್ತಿದ್ದವು. ಫ್ಯಾನು ಏನೋ ಮರೆತವರ ಹಾಗೆ ನಿಧಾನವಾಗಿ ತಿರುಗುತ್ತಿತ್ತು. ಅಲ್ಲಿ ಮಲಗಿದ ಮೇಲೆ ಮನಸ್ಸಿನಲ್ಲಿ ಏನನ್ನೂ ಹಿಡಿದಿಟ್ಟುಕೊಳ್ಳುವುದು ಯಾರಿಂದಲೂ ಸಾಧ್ಯವಿಲ್ಲ.

“ನಿಮಗೆ ಗೊತ್ತಿರೋದೇ” ಎಂದರು ಕಾರ್ಯದರ್ಶಿ ಫ್ಯಾನಿಗೆ. “ಎಲ್ಲರೂ ಮಲಗಿದ ಮೇಲೆ... ನೀರು ಬಿಟ್ಕೊತೀನಿ.”

ಮೆತ್ತಣ್ಣನ ಅರ್ಧನಿದ್ದೆಗೆ ಕರುಣೆ ಉಕ್ಕಿತು. ಅವನ ವ್ಯಾಪಾರದಲ್ಲಿ ಈ ತೊಂದರೆ ಹೊಸದಲ್ಲ. “ದಿನಾನಾ?”

“ದಿನಾ. ತಡ್ಕೊಳ್ಳೋಕೇ ಆಗಲ್ಲ.”

“ಮನೇಲಿ ಗೊತ್ತಾ?”

“ಹೆಂಡತಿಗೆ ಗೊತ್ತು. ಅವಳೂ ಒಂದೊಂದ್ಸಲ...”

“ಅವರೂನಾ?” ಮೆತ್ತಣ್ಣ ಒಂದು ಕಣ್ಣು ತೆರೆದು ಮುಚ್ಚಿದ. “ಸಂಕೋಚ ಬೇಡ ಸಾರ್. ದಪ್ಪ ರಬ್ಬರ್ ಶೀಟು ಹಾಕ್ಬಿಡಿ. ಯಾರಿಗೂ ಗೊತ್ತಾಗಲ್ಲ.”

ಕಾರ್ಯದರ್ಶಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅದುಮಿ, ರಬ್ಬರ್ ಶೀಟು ಕೊಂಡು ಹೋದರು.

ಡಾಕ್ಟರು ಬಂದು ಮಲಗಿ, ಬಹಳ ಹೊತ್ತಿನ ಮೇಲೆ, “ನನ್ನ ಬಾಯಲ್ಲಿರೋದು ಒಂದೂ ನಂದಲ್ಲ, ಮೆತ್ತಣ್ಣ” ಎಂದರು.

“ಯಾರ ಬಾಯಲ್ಲಿರೋದು ಯಾರದ್ದು ಡಾಕ್ಟ್ರೇ?” ಎಂದಿತು ಮೆತ್ತಣ್ಣನ ನಿದ್ದೆ. “ಎಲ್ಲಾ ಎಲ್ಲಿಂದಲೋ ಬಂದಿದ್ದೇ.” ಕಟ್ಟುಹಲ್ಲಿನ ಡಾಕ್ಟರು ಕಣ್ಣೊರೆಸಿಕೊಂಡು ಎದ್ದರು. ಇಷ್ಟು ವರ್ಷ ಗಟ್ಟಿ ತಿಂಡಿ ಕಂಡರೆ ‘ಡಯಟ್ಟು’ ಎಂದು ತಪ್ಪಿಸಿಕೊಂಡು ಓಡಾಡಿದ ಜೀವ ಅದು.

ಸಂಗೀತದ ಟೀಚರಂತೂ ಮಲಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತರು. “ಬೆಳಿಗ್ಗೆ ನೀವೆಲ್ಲಾ ಹೊಗಳ್ತೀರಲ್ಲ, ಆ ಹಾಡು ನಾನು ಹಾಡೋದಲ್ಲ. ಹಳೇ ರೆಕಾರ್ಡು. ನನ್ನದೇ, ಆದ್ರೆ ವಯಸ್ಸಲ್ಲಿದ್ದಾಗಿಂದು. ಈಗ ಗಂಟಲು ಹೋಗಿದೆ.”

“ಹಾಡಿ” ಎಂದ ಮೆತ್ತಣ್ಣ, ಎಲ್ಲೋ ಆಳದಿಂದ.

ಅವರು ಅತ್ತಿತ್ತ ನೋಡಿ, ಒಡಕು ದನಿಯಲ್ಲಿ ಮೆಲ್ಲಗೆ ಒಂದು ಸಾಲು ಗುನುಗಿದರು. ಮೆತ್ತಣ್ಣನ ಉಸಿರು ಇನ್ನೂ ನಿಧಾನವಾಯಿತು. ತಮ್ಮ ಹಾಡಿಗೆ ಒಬ್ಬರು ಇಷ್ಟು ನೆಮ್ಮದಿಯಾಗಿ ನಿದ್ದೆಹೋದದ್ದನ್ನು ಟೀಚರು ಹಿಂದೆಂದೂ ಕಂಡಿರಲಿಲ್ಲ. ಪೂರ್ತಿ ಹಾಡಿ ಮುಗಿಸಿ, ಅವನ ಮೇಲೊಂದು ಹೊದಿಕೆ ಹೊದಿಸಿ ಹೋದರು. ಎಚ್ಚರವಾದಾಗ ಮೆತ್ತಣ್ಣನಿಗೆ ಆ ಹೊದಿಕೆ ಎಲ್ಲಿಂದ ಬಂತು ಎನ್ನುವುದೊಂದೇ ಆಶ್ಚರ್ಯ.

ಭಾನುವಾರ ಬೆಳಿಗ್ಗೆ ಸಂಘದ ತುರ್ತು ಸಭೆ ಸೇರಿತು. ವಿಷಯ ನೀರು. ಮಾಳಿಗೆಯ ಟ್ಯಾಂಕು ದಿನವೂ ಬೆಳಗಾಗುವುದರೊಳಗೆ ಅರ್ಧ ಖಾಲಿಯಾಗುತ್ತಿತ್ತು. ವಾಚ್‌ಮನ್ ಕದ್ದು ಹೊರಗೆ ಮಾರುತ್ತಿದ್ದಾನೆ ಎಂದು ಯಾರೋ ಅಂದಿದ್ದರು. ಯಾರು ಅಂದರು ಎಂದು ಯಾರೂ ಕೇಳಿರಲಿಲ್ಲ. ಅವನನ್ನು ಇವತ್ತೇ ಕೆಲಸದಿಂದ ಬಿಡಿಸಬೇಕೆಂದು ಕಾರ್ಯದರ್ಶಿ ನೆಲ ನೋಡುತ್ತಾ ಹೇಳಿದರು. ವಾಚ್‌ಮನ್ ಟೋಪಿ ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತಿದ್ದ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅವನ ಹೆಂಡತಿ ಆಗಲೇ ಪಾತ್ರೆಗಳನ್ನು ಗಂಟು ಕಟ್ಟುವ ಸದ್ದು ಬರುತ್ತಿತ್ತು.

“ಒಂದು ನಿಮಿಷ” ಎಂದರು ಸಂಗೀತದ ಟೀಚರು. “ಎಲ್ಲಾ ಗೊತ್ತಿರೋರು ಇಲ್ಲೇ ಕೂತಿದಾರಲ್ಲ. ಅವರನ್ನೇ ಕೇಳಿಬಿಡೋಣ.”

ಎಲ್ಲರ ಕತ್ತುಗಳೂ ಒಟ್ಟಿಗೆ ಮೆತ್ತಣ್ಣನ ಕಡೆ ಹೊರಳಿದವು. ಇನ್‌ಸ್ಪೆಕ್ಟರು ಅವನ ಭುಜ ಅಲ್ಲಾಡಿಸಿ, “ಏಳಿ ಸಾರ್. ನಾಟಕ ಸಾಕು. ಗೊತ್ತಿರೋದನ್ನ ಹೇಳಿ” ಎಂದರು.

“ನನಗಾ? ನನಗೇನ್ ಗೊತ್ತು?”

ಇನ್‌ಸ್ಪೆಕ್ಟರು ಮೊಬೈಲನ್ನು ಅವನ ಮೂಗಿನೆದುರು ಹಿಡಿದರು. “ಇದು ನಿಮ್ಮನೇದು ತಾನೆ?”

ಮೆತ್ತಣ್ಣ ಓದಿದ. ಕೆಳಗಿದ್ದ ‘ಏನು ಗೊತ್ತು?’ ಓದಿದ. ‘ಸಾಕ್ಷಿ ಎಲ್ಲಿದೆ’ ಓದಿದ. ಮಂಜಿನಲ್ಲಿ ಬರುವ ಬಸ್ಸಿನ ಹಾಗೆ ವಿಷಯ ನಿಧಾನವಾಗಿ ಅವನ ತಲೆಯೊಳಗೆ ಬಂದು ನಿಂತಿತು. ಹಾಲು, ಬಟ್ಟೆ, ನೆಟ್‌ವರ್ಕಿನವನು. ಆಮೇಲೆ ಅಂಗಡಿ. ನೀರು ಬಿಟ್ಕೊತೀನಿ. ರಬ್ಬರ್ ಶೀಟು. ಅವನು ಕಾರ್ಯದರ್ಶಿಗಳ ಮುಖ ನೋಡಿದ. ಆ ಮುಖ ಹಾಸಿಗೆ ಒದ್ದೆ ಮಾಡುವವರ ಮುಖವಾಗಿರಲಿಲ್ಲ.

‘ಅಯ್ಯೋ, ಇದು ನಿದ್ದೆಗಣ್ಣಲ್ಲಿ ಆದ ಎಡವಟ್ಟು’ ಎಂದು ಹೇಳಲು ಬಾಯಿ ತೆರೆದ. ಕೆಳಗೆ ಪಾತ್ರೆಯ ಗಂಟು ಬಿಗಿಯುವ ಸದ್ದಾಯಿತು. ವಾಚ್‌ಮನ್ ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಜೀವಮಾನದಲ್ಲಿ ಮೆತ್ತಣ್ಣ ಇಷ್ಟು ಎಚ್ಚರವಾಗಿದ್ದದ್ದೇ ಇಲ್ಲ.

“ನನಗೆಲ್ಲಾ ಗೊತ್ತು” ಎಂದ. ಹೇಳಿದ ಮೇಲೆ ಹೆದರಿಕೆಯಿಂದ ಕಣ್ಣು ಮುಚ್ಚಿಕೊಂಡ.

ಸಭೆಗೆ ಅದು ನ್ಯಾಯಾಧೀಶರ ಗಾಂಭೀರ್ಯದಂತೆ ಕಂಡಿತು.

“ರಬ್ಬರ್ ಶೀಟು ತಂದು ಮುಚ್ಚಿದ್ನಲ್ರೀ!” ಎಂದು ಕಾರ್ಯದರ್ಶಿ ಎದ್ದು ನಿಂತುಬಿಟ್ಟರು. “ಯಾರಿಗೂ ಗೊತ್ತಾಗಲ್ಲ ಅಂದ್ರಲ್ಲ! ಹೌದು, ನೀರು ನಾನೇ ಬಿಟ್ಕೊಳ್ಳೋದು. ಮಾಳಿಗೆ ಮೇಲೆ ದೊಡ್ಡ ತೊಟ್ಟಿ ಇಟ್ಟಿದೀನಿ. ಅದ್ರಲ್ಲಿ... ಅದ್ರಲ್ಲಿ ತೇಲ್ತೀನಿ.”

“ಏನ್ ಮಾಡ್ತೀರಿ?” ಎಂದರು ಇನ್‌ಸ್ಪೆಕ್ಟರು.

“ತೇಲ್ತೀನಿ ಸಾರ್! ಈಜು ಬರಲ್ಲ ನಂಗೆ. ಚಿಕ್ಕಂದಿನಿಂದ ತೇಲೋ ಆಸೆ. ಕಿವಿಗೆ ನೀರು ತುಂಬ್ಕೊಂಡ್ರೆ ನೀವ್ಯಾರೂ ಕೊಡೋ ದೂರು ಕೇಳಿಸಲ್ಲ. ಬರೀ ಆಕಾಶ.” ಅವರು ವಾಚ್‌ಮನ್ ಕಡೆ ತಿರುಗಿದರು. “ನಿನ್ನದೇನೂ ತಪ್ಪಿಲ್ಲ ಕಣಯ್ಯ. ನಂದೇ.”

ಆಮೇಲೆ, ತನ್ನ ಸರದಿ ಬಂತೇನೋ ಎನ್ನುವ ಹಾಗೆ ಡಾಕ್ಟರು ಎದ್ದು ಎರಡೂ ಸಾಲು ಹಲ್ಲುಗಳನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಟೀಚರು ರೆಕಾರ್ಡಿನ ವಿಷಯ ಹೇಳಿದರು. ಇನ್‌ಸ್ಪೆಕ್ಟರು ಬಹಳ ಹೊತ್ತು ಮೀಸೆ ತಿರುವಿ, “ದೀಪ ಆರಿಸಿದ್ರೆ ನಂಗೆ ಭಯ ಆಗುತ್ತೆ. ಸರ್ವೀಸಿಗೆ ಸೇರಿದಾಗಿಂದ್ಲೂ” ಎಂದು ಕುಳಿತರು. ಎಲ್ಲರ ಮುಖವೂ ಬಿಗಿ ಬೂಟು ಬಿಚ್ಚಿದವರ ಮುಖದ ಹಾಗಾಗಿತ್ತು.

“ನಿಂದೇನಾದ್ರೂ ಇದೆಯೇನಯ್ಯ?” ಎಂದು ಯಾರೋ ವಾಚ್‌ಮನ್‌ನನ್ನು ಕೇಳಿದರು.

“ನಂದೇನೂ ಇಲ್ಲ ಸಾರ್” ಎಂದ ಅವನು ಟೋಪಿ ಹಾಕಿಕೊಳ್ಳುತ್ತಾ. “ನಿಮ್ಮೆಲ್ಲರ ಕೆಲಸದಲ್ಲಿ ನನಗೆ ಪುರುಸೊತ್ತೇ ಸಿಗ್ಲಿಲ್ಲ.” ಹೆಂಡತಿಗೆ ಗಂಟು ಬಿಚ್ಚಲು ಹೇಳಲು ಹೋದ.

ತೊಟ್ಟಿಯ ನೀರನ್ನು ಇನ್ನು ಮುಂದೆ ಗಿಡಗಳಿಗೆ ಬಿಡಬೇಕೆಂದೂ, ಬಿಡುವ ಮುನ್ನ ಕಾರ್ಯದರ್ಶಿಗಳು ತೇಲಬಹುದೆಂದೂ ತೀರ್ಮಾನವಾಯಿತು.

ಮೆತ್ತಣ್ಣ ಮನೆಗೆ ಬಂದಾಗ ಹೆಂಡತಿ ಕಂಪ್ಯೂಟರಿನ ಪಕ್ಕ ನಿಂತಿದ್ದಳು.

“ಎಲ್ಲರದ್ದೂ ಆಯ್ತಲ್ಲ” ಎಂದಳು. “ಇನ್ನು ನಂದು ಕೇಳಿ. ಆ ಹೆಸರು ನೋಡಿದಾಗಿಂದ ಊಟ ಸೇರ್ತಿಲ್ಲ ನಂಗೆ.”

“ನನಗೇನೂ ಗೊತ್ತಿಲ್ಲ ಕಣೇ. ಬೇಡ ಅಂದ್ರೆ ಹೇಳ್ಬೇಡ.”

“ಹೇಳ್ತೀನಿ. ನಿಮ್ಮ ತಮ್ಮನ ಮನೆಯವರ ಜೊತೆ ಮಾತಾಡ್ತೀನಿ ನಾನು. ಮೊದಲು ಮೊಬೈಲಲ್ಲಿ, ಈಗ ಇದ್ರಲ್ಲಿ. ದಿನಾ ಮಧ್ಯಾಹ್ನ.”

ಮೆತ್ತಣ್ಣ ಕುರ್ಚಿ ಹುಡುಕಿ ಕುಳಿತ.

ಅಣ್ಣ ತಮ್ಮ ಒಂದು ಕಾಲಕ್ಕೆ ಒಂದೇ ಅಂಗಡಿ ನಡೆಸಿದವರು. ಹತ್ತಿಯ ಕಾಲ ಹೋಯಿತು, ಇನ್ನು ಫೋಮೇ ಸರಿ ಎಂದ ತಮ್ಮ. ಅಣ್ಣ ಒಪ್ಪಲಿಲ್ಲ. ತಮ್ಮ ದೂರದ ಊರಿಗೆ ಹೋಗಿ ಫೋಮಿನ ಅಂಗಡಿ ಇಟ್ಟ. ಇಬ್ಬರೂ ಜೋರಾಗಿ ಜಗಳವಾಡುವ ಪೈಕಿಯವರಲ್ಲ. ಫೋನಿನಲ್ಲಿ ಮಾತು ಬಿಸಿಯಾಗುವ ಕಡೆ ಬಂದಾಗಲೆಲ್ಲ ಯಾರಾದರೊಬ್ಬರು ‘ಹಲೋ, ಹಲೋ, ಕೇಳಿಸ್ತಿಲ್ಲ’ ಎಂದು ಇಟ್ಟುಬಿಡುತ್ತಿದ್ದರು. ಆಗ ಲೈನು ನಿಜಕ್ಕೂ ಕೆಟ್ಟದಾಗಿತ್ತು. ಎಲ್ಲವನ್ನೂ ಅದರ ತಲೆಗೆ ಕಟ್ಟಬಹುದಿತ್ತು. ಹೀಗೆ ಕೇಳಿಸುತ್ತಿಲ್ಲ ಎನ್ನುತ್ತಾ ಎನ್ನುತ್ತಾ, ಒಂದು ದಿನ ಫೋನು ಬರುವುದೇ ನಿಂತಿತು.

“ಮೊದಲು ಮುಖ ಚೂರು ಚೂರಾಗಿ ಬರ್ತಿತ್ತು, ಮೂಗು ಒಂದು ಕಡೆ, ಮಾತು ಇನ್ನೊಂದು ಕಡೆ” ಎಂದಳು ಹೆಂಡತಿ. “ಈ ತಂತಿ ಬಂದ ಮೇಲೆ ಹಣೆ ಗೆರೆ ಸಹಿತ ಕಾಣುತ್ತೆ. ನೋಡಿ.” ಹೂವಿನ ಬಟ್ಟೆ ಸರಿಸಿ ಗುಂಡಿ ಒತ್ತಿದಳು.

ಪರದೆ ಬೆಳಗಿತು. ಅವಳ ವಾರಗಿತ್ತಿಯ ಮುಖ ಬಂತು. “ಅಯ್ಯೋ, ಭಾವ!” ಎಂದು ಅವಳು ನಾಲಿಗೆ ಕಚ್ಚಿಕೊಂಡಳು. ಅವಳ ಹಿಂದೆ, ಒಂದು ದಪ್ಪ ಫೋಮಿನ ಕುರ್ಚಿಯಲ್ಲಿ, ತಮ್ಮ ನಿದ್ದೆಹೋಗಿದ್ದ.

“ಎಬ್ಬಿಸ್ಲಾ ಭಾವ?”

“ಬೇಡಮ್ಮ. ಮಲಗ್ಲಿ.”

ಮೆತ್ತಣ್ಣ ನೋಡುತ್ತಾ ಕುಳಿತ. ತಮ್ಮನ ಮೀಸೆ ನರೆತಿತ್ತು. ಉಸಿರಿಗೆ ಅಂಗಿಯ ಗುಂಡಿ ಏರಿ ಇಳಿಯುತ್ತಿತ್ತು. ಮೊಣಕಾಲಿನ ಮೇಲೆ ಕುಳಿತಿದ್ದ ನೊಣ ಹಾರಿದ್ದು ಕಾಣಿಸಿತು. ಅದರ ಗುಂಯ್ ಎನ್ನುವ ಸದ್ದೂ ಬಂತು. ಚಿಕ್ಕವನಿದ್ದಾಗ ವಾಲುತ್ತಿದ್ದ ಹಾಗೆಯೇ ತಲೆ ಎಡಕ್ಕೆ ವಾಲಿತ್ತು. ಅಷ್ಟು ದೂರದ ನಿದ್ದೆ ಗಾಜಿನ ಎಳೆಯಲ್ಲಿ ಬೆಳಕಾಗಿ ಹರಿದು ಬಂದು ಈ ಕೋಣೆಯನ್ನು ತುಂಬುತ್ತಿರುವಂತೆ ಅವನಿಗೆ ಅನಿಸಿತು. ಅವನ ರೆಪ್ಪೆಗಳು ಒಂದಕ್ಕೊಂದು ಸೇರಿದವು. ಗಲ್ಲ ಎದೆಗೆ ತಾಗಿತು.

ಎರಡೂ ಕಡೆಯ ಹೆಂಗಸರು ದನಿ ತಗ್ಗಿಸಿ ಮಾತು ಮುಂದುವರಿಸಿದರು.

ಮೊದಲು ಎಚ್ಚರವಾದದ್ದು ತಮ್ಮನಿಗೆ. ಎದುರಿನ ಪರದೆಯ ತುಂಬ ಅಣ್ಣ. ಬಾಯಿ ಸ್ವಲ್ಪ ತೆರೆದಿದೆ, ಕತ್ತು ಮುರಿದ ಹಾಗೆ ಬಾಗಿದೆ. ತಮ್ಮ ಎದ್ದು ಹತ್ತಿರ ಬಂದ. ಇನ್ನೂ ಹತ್ತಿರ ಬಂದ. ಹೆಂಗಸರು ಮಾತು ನಿಲ್ಲಿಸಿದರು.

“ಅಣ್ಣಾ” ಎಂದ. “ಕತ್ತು ನೋಯುತ್ತೆ. ನೆಟ್ಟಗೆ ಮಲಕ್ಕೋ.”

ಮೆತ್ತಣ್ಣನ ತುಟಿಗಳು ಅಲ್ಲಾಡಿದವು. “ಹಲೋ” ಎಂದ, ನಿದ್ದೆಯಲ್ಲೇ. “ಹಲೋ...”

ಹೆಂಡತಿ ಅವನ ತೋಳು ಹಿಡಿದಳು.

ಮೆತ್ತಣ್ಣ ಕಣ್ಣು ತೆರೆದ. ತಮ್ಮನ ಮುಖ ಗೇಣು ದೂರದಲ್ಲಿತ್ತು. ರೆಪ್ಪೆಯ ಒದ್ದೆ ಕೂಡ ಕಾಣುತ್ತಿತ್ತು. ಈ ಸಲ ಲೈನು ನಿಷ್ಕರುಣೆಯಿಂದ ಸ್ವಚ್ಛವಾಗಿತ್ತು.

“ಕೇಳಿಸ್ತು ಕಣೋ” ಎಂದ ಮೆತ್ತಣ್ಣ. “ಚೆನ್ನಾಗಿ ಕೇಳಿಸ್ತು.”